ಮನೆಯು ಮೇಲೇರುವ ಹೊತ್ತು



ಕಳೆದ ಸಂಚಿಕೆಯಲ್ಲಿ ಎರೆಮಣ್ಣಿನ ನೆಲದಲ್ಲಿ ಪಾಯ ತೆಗೆಯುವ ವಿಚಾರವನ್ನು ಬರೆದಿದ್ದೆವು. ಎರೆಯು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಮಣ್ಣಾದುದರಿಂದ ಅದನ್ನು ದಾಟಿ ಗರಸು ಸಿಗುವವರೆಗೆ ಅಗೆಯಬೇಕೆಂಬುದನ್ನು ವಿವರಿಸಿದ್ದೆವು. ಅದನ್ನು ಓದಿದ ಸಮಾಜ ಬಾಂಧವರಲ್ಲಿ ಕೆಲವರು, ನೆಲದೊಳಗಿನ ಮಾತಾಯಿತು, ನೆಲದ ಮೇಲಿನದನ್ನು ಹೇಳಿರೆಂದು ಕೇಳಿದ್ದಾರೆ. ಕಂಬ, ತೊಲೆ, ಛಾವಣಿ, ಅದರ ಮೇಲೆ ಮತ್ತೊಂದು ಅಂತಸ್ತು, ಇವು ಈ ತಿಂಗಳ ವಿಷಯ. ಪಾಯದ ಖರ್ಚು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಮನೆಯು ಮೇಲೇರತೊಡಗಿದಾಗ ಊರೆಲ್ಲ ನೋಡುತ್ತದೆ, ನೋಡಿದವರೆಲ್ಲ ಸಲಹೆ ಕೊಡುತ್ತಾರೆ. ಯಜಮಾನನ ಬುದ್ಧಿಯು ಚಂಚಲವಾಗುವುದು ಆಗಲೇ.

ನಮ್ಮ ಹಿರಿಯರ ಮಾಳಿಗೆಯ ಮನೆಯನ್ನು ಮೊದಲು ನೆನೆಯೋಣ. ಎರಡು ಮೊಳದ ಕಲ್ಲುಗೋಡೆ, ಒಳಗೆ ಮರದ ಕಂಬ, ಕಂಬದ ತಲೆಗೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಹಲಗೆ ಅಥವಾ ಕಟ್ಟಿಗೆಯ ಹಾಸು, ಎಲ್ಲಕ್ಕೂ ಮೇಲೆ ಒಂದು ಅಡಿಯಷ್ಟು ಮಣ್ಣು. ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಸವಳು ಮಣ್ಣನ್ನು ಹರಡಿ ಮಾಳಿಗೆಯನ್ನು ಗಟ್ಟಿಮಾಡುವುದು ಮನೆಯವರೆಲ್ಲರ ಕೆಲಸವಾಗಿತ್ತು. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಬೆಳಕಿಂಡಿಯಿಂದ ಬೀಳುವ ಬಿಸಿಲಕೋಲನ್ನು ನೋಡಿ ಹೊತ್ತು ಹೇಳುತ್ತಿದ್ದ ಅಜ್ಜಿಯರು ನಮ್ಮ ನೆನಪಿನಲ್ಲಿಯೇ ಇದ್ದಾರೆ. ಅಂತಹ ಮನೆಯನ್ನು ಇಂದು ಹಳೆಯ ಕಾಲದ್ದೆಂದು ತಿರಸ್ಕರಿಸುವವರನ್ನು ಕಂಡರೆ ನಮಗೆ ಬೇಸರವಾಗುತ್ತದೆ. ಆ ಮನೆಯಲ್ಲಿಯೂ ಒಂದು ಚೌಕಟ್ಟು ಇತ್ತೆಂಬುದನ್ನು ಅವರು ಗಮನಿಸುವುದಿಲ್ಲ. ಛಾವಣಿಯ ಭಾರವನ್ನು ಕಂಬ-ತೊಲೆಗಳು ಹೊರಬೇಕು, ಗೋಡೆಯು ಮರೆಯಾಗಿ ನಿಲ್ಲಬೇಕು ಎಂಬ ತಿಳಿವಳಿಕೆ ಬಡಗಿಗೆ ಆಗಲೇ ಇತ್ತು. ಇಂದಿನ ಸಿಮೆಂಟು-ಕಬ್ಬಿಣದ ಚೌಕಟ್ಟು ಅದೇ ತಿಳಿವಳಿಕೆಯ ಬೇರೊಂದು ರೂಪ. ಬಾಚಿಕಾಯಕದ ಬಸವಯ್ಯನಂತಹ ಮರಗೆಲಸದ ಶರಣರು ಅನುಭಾವಿಗಳ ಸಾಲಿನಲ್ಲಿ ವಚನಕಾರರಾಗಿ ನಿಂತ ಪರಂಪರೆ ನಮ್ಮದು. ಬಡಗಿಯ ಬುದ್ಧಿಯನ್ನು ಕಡೆಗಣಿಸುವುದು ನಮಗೆ ತಕ್ಕುದಲ್ಲ.

ಹಾಗಾದರೆ ಆ ಮನೆಗಳನ್ನು ಬಿಟ್ಟು ನಾವು ಬಂದುದೇಕೆ? ಎರಡು ಕಾರಣಗಳು ನಮ್ಮ ಸೀಮೆಗೆ ವಿಶೇಷವಾಗಿ ಅನ್ವಯಿಸುತ್ತವೆ.

ಮೊದಲನೆಯದು ಭೂಕಂಪ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ವಿಸರ್ಜನೆ ಮುಗಿಸಿ ಜನ ಮಲಗಿದ್ದ ವೇಳೆಯಲ್ಲಿ, ಕಿಲ್ಲಾರಿಯ ಸುತ್ತಣ ನೆಲ ನಡುಗಿತು. ಲಾತೂರು ಮತ್ತು ಉಸ್ಮಾನಾಬಾದ, ಅಂದರೆ ಈಗಿನ ಧಾರಾಶಿವ, ಜಿಲ್ಲೆಗಳಲ್ಲಿ ಸುಮಾರು 8 ಸಾವಿರ ಜನ ಮಡಿದರು. ನಡುಕವು ಅತಿ ದೊಡ್ಡದೇನೂ ಆಗಿರಲಿಲ್ಲ. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳು ಮತ್ತು ತಲೆಯ ಮೇಲಿನ ಮಣ್ಣಿನ ಭಾರವೇ ಅಷ್ಟು ಜೀವಗಳನ್ನು ತೆಗೆದವು. ಒಂದು ಅಡಿ ಮಣ್ಣಿನ ಮಾಳಿಗೆಯು ಒಂದು ಚದರ ಮೀಟರಿಗೆ ಐದುನೂರು ಕಿಲೋದಷ್ಟು ತೂಗುತ್ತದೆ. ಐದು ಅಂಗುಲದ ಸಿಮೆಂಟು ಸ್ಲ್ಯಾಬು ಮುನ್ನೂರು ಕಿಲೋಗಿಂತ ತುಸು ಹೆಚ್ಚು. ಹಗುರವೆಂದು ನಾವು ತಿಳಿದ ಮಣ್ಣೇ ಭಾರವಾದುದು. ನಮ್ಮ ಬೆಳಗಾವಿ ಸೀಮೆಯನ್ನು ಭಾರತೀಯ ಮಾನಕದ 2016ರ ಆವೃತ್ತಿಯು ಭೂಕಂಪದ ಮೂರನೆಯ ವಲಯದಲ್ಲಿ ಇರಿಸಿತ್ತು. ಪಶ್ಚಿಮಕ್ಕೆ ಕೊಯ್ನಾ ಇದೆ. ಅಲ್ಲಿ 1967ರ ಡಿಸೆಂಬರ್ 11ರಂದು ಆದುದನ್ನು ಹಿರಿಯರು ಬಲ್ಲರು. ಭಯಪಡುವ ಕಾರಣವಿಲ್ಲ, ಆದರೆ ಮರೆಯುವಂತೆಯೂ ಇಲ್ಲ.

ಎರಡನೆಯದು ಮಹಾಪೂರ. ಕೃಷ್ಣೆ, ದೂಧಗಂಗೆ, ವೇದಗಂಗೆಗಳ ದಂಡೆಯ ಊರುಗಳಿಗೆ ಇದನ್ನು ಬರೆದು ತಿಳಿಸಬೇಕಾಗಿಲ್ಲ. 2005, 2019, 2021, ಮೂರು ಸಲ ನೀರು ಮನೆಯೊಳಗೆ ಬಂದಿತು. ಸಾಂಗಲಿಯ ಐರ್ವಿನ್ ಸೇತುವೆಯ ಬಳಿ 2005ರಲ್ಲಿ 53 ಅಡಿಯ ಮೇಲೇರಿದ್ದ ಕೃಷ್ಣೆಯು 2019ರಲ್ಲಿ 57 ಅಡಿಯನ್ನೂ ದಾಟಿದಳು. ಯಡೂರು, ಕಲ್ಲೋಳ, ಮಾಂಜರಿ, ಇಂಗಳಿ, ಜುಗೂಳ ಮುಂತಾದ ಊರುಗಳ ಜನ ದನಕರುಗಳೊಡನೆ ಎತ್ತರದ ಸ್ಥಳಗಳಿಗೆ ಹೋದರು. ವಿಚಿತ್ರವೇನೆಂದರೆ ಅದೇ 2019ರ ಬೇಸಿಗೆಯಲ್ಲಿ ಕೃಷ್ಣೆಯ ಪಾತ್ರ ಬತ್ತಿ, ಕೊಯ್ನಾದಿಂದ ನೀರು ಬಿಡಿರೆಂದು ಮಹಾರಾಷ್ಟ್ರವನ್ನು ಕೇಳಿಕೊಳ್ಳುತ್ತಿದ್ದೆವು. ನೀರು ಇಳಿದ ಮೇಲೆ ನೋಡಿದರೆ, ಮಣ್ಣಿನಲ್ಲಿ ಕಟ್ಟಿದ ಗೋಡೆಗಳು ಬೆಲ್ಲದಂತೆ ಕರಗಿ ಕುಸಿದಿದ್ದವು. ಕಂಬ-ತೊಲೆಯ ಚೌಕಟ್ಟಿನ ಮನೆಗಳು ಕೆಸರು ತುಂಬಿದ್ದರೂ ನಿಂತಿದ್ದವು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿಯಂತೆ ಸರಕಾರ ಪರಿಹಾರ ಸಾರಿತು. ಆ ಹಣದ ಮೇಲೆ ಸಾಲವನ್ನು ಸೇರಿಸಿ ಕಟ್ಟತೊಡಗಿದ ಎಷ್ಟೋ ಮನೆಗಳು ವರ್ಷಗಳ ತನಕ ಅರ್ಧದಲ್ಲಿ ನಿಂತುದನ್ನು ನಾವೇ ನೋಡಿದ್ದೇವೆ.

ಅಂತಹ ಒಂದು ಮನೆಯನ್ನು ಈ ಅಂಕಣಕ್ಕಾಗಿ ನಾವು ಕೆಲವು ತಿಂಗಳಿನಿಂದ ಹೋಗಿಬಂದು ನೋಡುತ್ತಿದ್ದೇವೆ. ರಾಯಬಾಗ ತಾಲೂಕಿನ ನದೀತೀರದ ಒಂದು ಊರು. ಮನೆತನದ ಹೆಸರು ಬೇಡವೆಂದು ಅವರ ಅಪೇಕ್ಷೆ. ನಿವೃತ್ತ ಗುರುಗಳು, ಅವರ ತಾಯಿ, ಮಡದಿ, ಇಬ್ಬರು ಗಂಡುಮಕ್ಕಳು. ಹಿರಿಯನು ಕಬ್ಬಿನ ಹೊಲ ನೋಡಿಕೊಳ್ಳುತ್ತಾನೆ, ಕಿರಿಯನು ಪುಣೆಯಲ್ಲಿ ನೌಕರಿಯಲ್ಲಿದ್ದಾನೆ. ಹಳೆಯ ಮಾಳಿಗೆಯ ಮನೆ 2019ರಲ್ಲಿ ಬಿದ್ದುಹೋಯಿತು. ಆಗ ಎದೆಮಟ್ಟ ನಿಂತಿದ್ದ ನೀರಿನ ಗುರುತನ್ನು ಉಳಿದಿದ್ದ ಹಿತ್ತಿಲ ಗೋಡೆಯ ಮೇಲೆ ಸುಣ್ಣದಿಂದ ಬರೆದಿಟ್ಟಿದ್ದಾರೆ. ಹೊಸ ಮನೆಯ ಎತ್ತರಗಳನ್ನೆಲ್ಲ ಆ ಗೆರೆಯಿಂದಲೇ ಅಳೆದಿದ್ದಾರೆ. ದಂಡೆಯ ಊರುಗಳಲ್ಲಿ ಮನೆ ಕಟ್ಟುವ ಪ್ರತಿಯೊಬ್ಬರೂ ಹೀಗೆ ಮಾಡತಕ್ಕದ್ದು.

ಪಾಯ ಒಂದು ವರ್ಷ, ಕಂಬಗಳು ಮುಂದಿನ ವರ್ಷ, ಮೊದಲ ಸ್ಲ್ಯಾಬು ಈ ಮಾರ್ಚದಲ್ಲಿ. ಕಬ್ಬಿನ ಬಿಲ್ಲು ಬಂದಂತೆ ಮನೆ ಬೆಳೆಯುವುದು ನಮ್ಮ ಕಡೆಯ ರೂಢಿ. ಕಬ್ಬು ಕಳಿಸಿದ 14 ದಿನಗಳೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆ ಹದಿನಾಲ್ಕು ದಿನ ಎಷ್ಟು ಉದ್ದವಾಗಬಲ್ಲುದೆಂಬುದನ್ನು ರೈತರೇ ಬಲ್ಲರು. ಹೀಗೆ ಬಿಟ್ಟು ಬಿಟ್ಟು ಕಟ್ಟುವುದರಲ್ಲಿ ತಪ್ಪಿಲ್ಲ. ಸಾಲದ ಹೊರೆ ಕಡಿಮೆ. ಆದರೆ ನಡುವೆ ನಿಲ್ಲಿಸುವಾಗ ಎಲ್ಲಿ ನಿಲ್ಲಿಸಬೇಕೆಂಬುದು ತಿಳಿದಿರಬೇಕು. ಕಂಬದ ಅರ್ಧಕ್ಕೆ ನಿಲ್ಲಿಸಬಾರದು. ತೊಲೆಯ ತಳಕ್ಕೆ ಬಂದು ನಿಲ್ಲಿಸಬೇಕು, ಮೇಲೆ ಉಳಿದ ಸರಳುಗಳಿಗೆ ಸಿಮೆಂಟಿನ ತಿಳಿ ಬಳಿದು ಮುಚ್ಚಿಡಬೇಕು.

ಕಂಬಗಳ ವಿಚಾರದಲ್ಲಿ ಈ ಮನೆಯಲ್ಲಿ ನಡೆದ ವಾದವನ್ನು ಹೇಳಲೇಬೇಕು. ಒಂಬತ್ತು ಅಂಗುಲದ ಕಾಲಮ್ಮು ಸಾಕು, ಗೋಡೆಯಲ್ಲಿ ಅಡಗುತ್ತದೆ, ಕೋಣೆಯಲ್ಲಿ ಮೂಲೆ ಏಳುವುದಿಲ್ಲ, ನೋಡಲು ಚಂದ ಎಂಬುದು ಗೌಂಡಿಯ ಮಾತು. ಇಂಜಿನಿಯರರು ಹನ್ನೆರಡು ಅಂಗುಲಕ್ಕಿಂತ ಕಡಿಮೆ ಮಾಡಕೂಡದೆಂದರು. ಭೂಕಂಪ ತಡೆಯುವ ಕಟ್ಟಡಗಳ 2016ರ ಮಾನಕವು ಕಂಬದ ಅಗಲ 300 ಮಿಲಿಮೀಟರಿಗಿಂತ ಕಡಿಮೆಯಿರಬಾರದೆಂದು ಹೇಳಿದೆ. ಹನ್ನೆರಡು ಅಂಗುಲವೆಂದರೆ ಅಷ್ಟೇ. ಯಜಮಾನರು ಇಂಜಿನಿಯರರ ಮಾತನ್ನು ಕೇಳಿದರು. ರಿಂಗುಗಳ ವಿಷಯವೂ ಹೀಗೆಯೇ. ಉದ್ದನೆಯ ಸರಳು ಕಣ್ಣಿಗೆ ಕಾಣುತ್ತದೆ, ಎಷ್ಟು ಟನ್ ತಂದೆವೆಂದು ಹೇಳಿಕೊಳ್ಳಬಹುದು. ಆದರೆ ನಡುಕ ಬಂದಾಗ ಕಂಬವನ್ನು ಹಿಡಿದಿಡುವುದು ಆ ಸಣ್ಣ ರಿಂಗು. ಅದರ ತುದಿಯನ್ನು ಕಂಬದ ಒಡಲೊಳಗೆ ಓರೆಯಾಗಿ ಬಾಗಿಸಬೇಕು; ಬರೀ ಕಾಟಕೋನಕ್ಕೆ ಮಡಿಚಿ ಬಿಟ್ಟರೆ ಕಾಂಕ್ರೀಟು ಸಿಡಿದ ಕೂಡಲೇ ಅದು ಬಿಚ್ಚಿಕೊಳ್ಳುತ್ತದೆ. ಕಂಬದ ತಲೆ ಮತ್ತು ಬುಡದಲ್ಲಿ ಮೂರು-ನಾಲ್ಕು ಅಂಗುಲಕ್ಕೊಂದರಂತೆ ಒತ್ತಾಗಿ, ನಡುವೆ ತುಸು ದೂರವಾಗಿ ಕಟ್ಟಬೇಕು. ಸಾಮಾನ್ಯವಾಗಿ ಆಗುವುದು ಇದಕ್ಕೆ ವಿರುದ್ಧ: ನಡುವೆ ಕೈಗೆ ಸಿಗುವಲ್ಲಿ ಒತ್ತಾಗಿ ಕಟ್ಟಿ, ತೊಲೆ ಕೂಡುವ ಇಕ್ಕಟ್ಟಿನಲ್ಲಿ ಕೈ ಹೋಗದೆಂದು ಬಿಟ್ಟುಬಿಡುತ್ತಾರೆ. ಮನೆಯ ಹೆಣ್ಣುಮಕ್ಕಳು ಕಾಳು ಹಸನು ಮಾಡುವ ಕಣ್ಣಿನಿಂದ ಒಮ್ಮೆ ರಿಂಗುಗಳನ್ನು ಎಣಿಸಿ ನೋಡಿದರೆ ಸಾಕು, ಇದು ತಪ್ಪುವುದಿಲ್ಲ.

ಇನ್ನು ಕೆಳಗಿನ ಅಂತಸ್ತನ್ನು ತೆರೆದಿಡಬೇಕೋ ಮುಚ್ಚಬೇಕೋ ಎಂಬುದು. ಇದು ನಿಜವಾದ ಇಕ್ಕಟ್ಟು. ನದೀತೀರದವರ ಅನುಭವವು, ಕೆಳಗೆ ಬರೀ ಕಂಬಗಳಿರಲಿ, ಟ್ರ್ಯಾಕ್ಟರು, ದನ, ಮೇವು ಅಲ್ಲಿರಲಿ, ನೀರು ಬಂದರೆ ಹರಿದುಹೋಗಲಿ, ಸಂಸಾರ ಮೇಲಿರಲಿ ಎನ್ನುತ್ತದೆ. ಮಹಾಪೂರದ ಮಟ್ಟಿಗೆ ಅದು ಸರಿಯಾದ ಮಾತು. ಆದರೆ 2001ರ ಜನವರಿ 26ರ ಭುಜ್ ಭೂಕಂಪದಲ್ಲಿ, ಅಷ್ಟು ದೂರದ ಅಹಮದಾಬಾದಿನಲ್ಲಿ ಕುಸಿದ ಕಟ್ಟಡಗಳಲ್ಲಿ ಅನೇಕವು ಕೆಳಗೆ ವಾಹನ ನಿಲ್ಲಿಸಲೆಂದು ಬರೀ ಕಂಬಗಳ ಮೇಲೆ ನಿಲ್ಲಿಸಿದವೇ ಆಗಿದ್ದವು. ಮೇಲೆಲ್ಲ ಗೋಡೆ ತುಂಬಿ ಬಿಗಿಯಾಗಿದ್ದು ಕೆಳಗೆ ಟೊಳ್ಳಾಗಿದ್ದರೆ, ನಡುಕದ ಬಲವೆಲ್ಲ ಆ ಕೆಳಗಂಬಗಳ ಮೇಲೆಯೇ ಬೀಳುತ್ತದೆ. ನೀರು ತೆರವು ಕೇಳುತ್ತದೆ, ಭೂಮಿ ಗೋಡೆ ಕೇಳುತ್ತದೆ. ಈ ಮನೆಯಲ್ಲಿ ಕಂಡುಕೊಂಡ ದಾರಿಯೆಂದರೆ, ಕೆಳಗಿನ ಕಂಬಗಳನ್ನು ಮೇಲಿನವುಗಳಿಗಿಂತ ದಪ್ಪ ಮಾಡಿದುದು, ನಾಲ್ಕು ಮೂಲೆಗಳಲ್ಲಿ ಕಾಂಕ್ರೀಟಿನ ತುಂಡುಗೋಡೆಗಳನ್ನು ಪಾಯದಿಂದಲೇ ಎಬ್ಬಿಸಿದುದು, ನಡುವಿನ ಬದಿಗಳನ್ನು ನೀರು ಹರಿಯಲು ತೆರೆದಿಟ್ಟುದು. ಖರ್ಚು ಹೆಚ್ಚಾಯಿತು. ಆ ಖರ್ಚನ್ನು ಸರಿದೂಗಿಸಲು ಮುಂಬಾಗಿಲ ಕೆತ್ತನೆಯನ್ನೂ ಗ್ರಾನೈಟ್ ಮೆಟ್ಟಿಲನ್ನೂ ಬಿಟ್ಟರು. ಎಲ್ಲರಿಗೂ ಇದೇ ನಕ್ಷೆ ಹೊಂದುವುದೆಂದಲ್ಲ. ಆದರೆ ಈ ಪ್ರಶ್ನೆಯನ್ನು ತಮ್ಮ ಇಂಜಿನಿಯರರ ಮುಂದೆ ಎಲ್ಲರೂ ಇಡಬೇಕು.

ವಾಸ್ತುವಿನ ಮಾತು ಇಲ್ಲಿಯೇ ಬಂದಿತು. ಯಾರೋ ಪಂಡಿತರು ಬಂದು, ಮನೆಯ ನಟ್ಟನಡುವೆ ಕಂಬ ಕೂಡದು, ಅದನ್ನು ಮೇಲಂತಸ್ತಿನಲ್ಲಿ ನಾಲ್ಕು ಅಡಿ ಪಕ್ಕಕ್ಕೆ ಸರಿಸಿರಿ ಎಂದರಂತೆ. ಕೆಳಗಿನ ಕಂಬದ ನೆತ್ತಿಯಿಂದಲೇ ಮೇಲಿನ ಕಂಬ ಏಳಬೇಕು. ಅದನ್ನು ಸರಿಸಿ ತೊಲೆಯ ಹೊಟ್ಟೆಯ ಮೇಲೆ ನಿಲ್ಲಿಸುವುದೆಂದರೆ, ಒಬ್ಬನ ಹೆಗಲ ಮೇಲೆ ಕೂರಬೇಕಾದವನು ಅವನ ಚಾಚಿದ ತೋಳಿನ ಮೇಲೆ ಕುಳಿತಂತೆ. ಗುರುಗಳು ವಿನಯದಿಂದಲೇ ಬಂದವರಿಗೆ ಹಾಲು ಕೊಟ್ಟು ಕಳಿಸಿದರು, ಕಂಬ ಇದ್ದಲ್ಲಿಯೇ ಇದೆ. ದಿಕ್ಕು, ಗಳಿಗೆ, ಶಕುನಗಳ ಅಂಜಿಕೆಯನ್ನು ಬಿಡಿಸಲು ಹನ್ನೆರಡನೆಯ ಶತಮಾನದಲ್ಲಿ ಶರಣರು ಪಟ್ಟ ಶ್ರಮವನ್ನು ನಾವು ವರ್ಷಕ್ಕೊಮ್ಮೆ ಜಯಂತಿಯ ವೇದಿಕೆಯಲ್ಲಿ ಹೊಗಳುತ್ತೇವೆ, ಮನೆಗೆ ಬಂದು ಈಶಾನ್ಯದ ಮೆಟ್ಟಿಲನ್ನು ಒಡೆಸುತ್ತೇವೆ. ಗಾಳಿ, ಬೆಳಕು, ನೀರಿನ ಇಳಿಜಾರನ್ನು ನೋಡಿ ದಿಕ್ಕು ಆರಿಸುವುದು ಬೇರೆ. ಕಟ್ಟಿದ್ದನ್ನು ಭಯದಿಂದ ಕೆಡಹುವುದು ಬೇರೆ.

ಸ್ಲ್ಯಾಬಿನ ದಿನ ನಾವು ಅಲ್ಲಿದ್ದೆವು. ಮೂವತ್ತು ಅಡಿ ಅಗಲ, ನಲವತ್ತು ಅಡಿ ಉದ್ದ, ಐದು ಅಂಗುಲ ದಪ್ಪ. ಲೆಕ್ಕ ಹಾಕಿದರೆ ಸುಮಾರು 14 ಘನ ಮೀಟರು ಕಾಂಕ್ರೀಟು, ತೂಕದಲ್ಲಿ 35 ಟನ್ನಿನಷ್ಟು; ತೊಲೆಗಳ ಲೆಕ್ಕ ಬೇರೆ. ನೂರಕ್ಕೂ ಹೆಚ್ಚು ಚೀಲ ಸಿಮೆಂಟು. ಇಷ್ಟೂ ಹೊರೆಯನ್ನು ಆ ದಿನ ಹೊತ್ತು ನಿಲ್ಲುವುದು ಕೆಳಗೆ ಕೊಟ್ಟ ಊರೆಗಂಬಗಳು. ಆದುದರಿಂದ ಸ್ಲ್ಯಾಬಿನ ಹಿಂದಿನ ಸಂಜೆ ಒಂದೊಂದು ಊರೆಯನ್ನೂ ಕೈಯಿಂದ ಅಲುಗಿಸಿ, ಅದರ ಬುಡ ಹಸಿಮಣ್ಣಿನ ಮೇಲಿದೆಯೋ ಹಲಗೆಯ ಮೇಲಿದೆಯೋ ನೋಡಬೇಕು. ಸರಳುಗಳ ಜಾಲವು ಹಲಗೆಗೆ ಅಂಟಿಕೊಂಡಿರಬಾರದು. ಸ್ಲ್ಯಾಬಿಗೆ 20, ತೊಲೆಗೆ 25, ಕಂಬಕ್ಕೆ 40 ಮಿಲಿಮೀಟರಿನಷ್ಟು ಕಾಂಕ್ರೀಟಿನ ಹೊದಿಕೆ ಕಬ್ಬಿಣಕ್ಕೆ ಇರಬೇಕು. ಇದಕ್ಕೆಂದು ಸಿಮೆಂಟಿನ ಪುಟ್ಟ ಬಿಲ್ಲೆಗಳನ್ನು ಇಡುತ್ತಾರೆ. ಅವಿಲ್ಲದ ಕಡೆ ಹತ್ತು-ಹದಿನೈದು ವರ್ಷಕ್ಕೆ ಸರಳು ತುಕ್ಕು ಹಿಡಿದು ಉಬ್ಬಿ ಛಾವಣಿಯ ತಳ ಉದುರುತ್ತದೆ. ನಮ್ಮ ಎಷ್ಟೋ ಹಳೆಯ ಶಾಲೆಗಳ ಛಾವಣಿಯನ್ನು ನೋಡಿದರೆ ಇದು ತಿಳಿಯುತ್ತದೆ.

ನೀರಿನ ವಿಷಯದಲ್ಲಿ ಜಾಗ್ರತೆ ಇನ್ನೂ ಹೆಚ್ಚು ಬೇಕು. ಒಂದು ಚೀಲ ಸಿಮೆಂಟಿಗೆ ಇಪ್ಪತ್ತೈದು ಲೀಟರಿನ ಆಸುಪಾಸಿನ ನೀರು ಸಾಕು. ಉಸುಕು ಹಸಿಯಾಗಿದ್ದರೆ ಅದಕ್ಕಿಂತಲೂ ಕಡಿಮೆ. ಹೊತ್ತೇರಿದಂತೆ ಕೆಲಸದವರಿಗೆ ಆಯಾಸವಾಗಿ, ಎಳೆಯಲು ಸುಲಭವಾಗಲೆಂದು ಪೈಪು ಬಿಡುವುದುಂಟು. ತೆಳ್ಳಗಾದ ಕಾಂಕ್ರೀಟು ಸರಾಗವಾಗಿ ಹರಿಯುತ್ತದೆ, ಆದರೆ ಅದರ ಬಲ ಹೋಗುತ್ತದೆ. ಇಲ್ಲಿ ಮನೆಯ ಹಿರಿಯ ಸೊಸೆಯೇ ಮಿಕ್ಸರಿನ ಬಳಿ ಗುರುತು ಮಾಡಿದ ಬಕೀಟು ಹಿಡಿದು ನಿಂತಿದ್ದರು. ಕೆಲಸದವರು ಮೊದಲು ನಕ್ಕರು, ಮಧ್ಯಾಹ್ನದ ಹೊತ್ತಿಗೆ "ಅಕ್ಕಾರ, ಇನ್ನೊಂದು ಬಕೀಟು ಹಾಕಲೇನ್ರಿ?" ಎಂದು ಕೇಳಿಯೇ ಹಾಕತೊಡಗಿದರು.

ಆ ದಿನ ಬುಟ್ಟಿ ಹೊತ್ತವರಲ್ಲಿ ಹೆಂಗಸರೇ ಹೆಚ್ಚು. ಮೊಮ್ಮಗುವನ್ನು ಬೇವಿನ ಮರಕ್ಕೆ ಕಟ್ಟಿದ ಜೋಳಿಗೆಯಲ್ಲಿ ಮಲಗಿಸಿ ಬಂದಿದ್ದ ಒಬ್ಬ ಮುದುಕಿಯೂ ಇದ್ದಳು. ಸ್ಲ್ಯಾಬು ಮುಗಿದ ದಿನ ಕೆಲಸದವರಿಗೆ ಸಿಹಿಯೂಟ ಹಾಕುವುದು ನಮ್ಮ ಕಡೆಯ ಪದ್ಧತಿ. ಅನೇಕ ಮನೆಗಳಲ್ಲಿ ಅದನ್ನು ಹೊರಗೆ ಉಸುಕಿನ ಗುಡ್ಡೆಯ ಬಳಿ ಕಾಗದದ ತಟ್ಟೆಯಲ್ಲಿ ಮುಗಿಸುತ್ತಾರೆ. ಈ ಮನೆಯವರು ಹುಗ್ಗಿ, ತುಪ್ಪ, ಬದನೆಕಾಯಿ ಪಲ್ಯ, ರೊಟ್ಟಿ ಮಾಡಿ, ತಾವೂ ಅದೇ ಸಾಲಿನಲ್ಲಿ ಕುಳಿತು ಉಂಡರು. ದಾಸೋಹವೆಂಬ ಮಾತನ್ನು ಯಾರೂ ಆಡಲಿಲ್ಲ. ನಮಗೆ ಸೊನ್ನಲಿಗೆಯ ಸಿದ್ಧರಾಮೇಶ್ವರರ ನೆನಪಾಯಿತು. ಇಂದಿನ ಸೊಲ್ಲಾಪುರದಲ್ಲಿ ಅವರು ಕೆರೆ ಕಟ್ಟಿಸುತ್ತಿದ್ದಾಗ ಅಲ್ಲಮಪ್ರಭುಗಳು ಬಂದು, ಅವರನ್ನು ಒಡ್ಡನೆಂದು ಕರೆದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಅದನ್ನು ಕೇಳಿ ಕಲ್ಲು ಮಣ್ಣಿನ ಕೆಲಸದವರು ಪ್ರಭುವಿನ ಮೇಲೆ ಕೆರಳಿದರು. ಆ ಪ್ರಸಂಗದ ತಾತ್ವಿಕ ಅರ್ಥವನ್ನು ಅರಿತವರು ಹೇಳುತ್ತಾರೆ. ಒಡ್ಡನೆಂಬ ಕಾಯಕದ ಹೆಸರು ಆ ಹಿರಿಯನಿಗೆ ಕಡೆಗೂ ಕುಂದಾಗಲಿಲ್ಲವೆಂಬುದಷ್ಟೇ ನಮಗೆ ಆ ಪಂಕ್ತಿಯಲ್ಲಿ ಕುಳಿತಾಗ ಹೊಳೆದುದು.

ಮರುದಿನದಿಂದ ಇನ್ನೊಂದು ಚಿಂತೆ. ಸ್ಲ್ಯಾಬಿನ ಮೇಲೆ ಮಣ್ಣಿನ ಒಡ್ಡು ಕಟ್ಟಿ ಎರಡು ಅಂಗುಲ ನೀರು ನಿಲ್ಲಿಸಬೇಕು. ಈ ಅಳತೆಗೆ ಒಂದು ಸಲಕ್ಕೆ ಐದೂವರೆ ಸಾವಿರ ಲೀಟರು ಬೇಕಾಗುತ್ತದೆ. ಬಿಸಿಲಿಗೆ ಆರಿದಂತೆ ದಿನವೂ ತುಂಬಬೇಕು. ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಬೂದಿ ಬೆರೆತ ಸಿಮೆಂಟಿಗೆ 10 ದಿನ ಎಂಬುದು ಮಾನಕದ ಮಾತು. ಒಣ ಬಿಸಿಲಿನ ಕಾಲಕ್ಕೆ ಅದೇ 10 ಮತ್ತು 14 ದಿನ ಇರಲೆಂದು ಸೂಚಿಸಿದೆ. ಈಗ ನಮ್ಮ ಪೇಟೆಯಲ್ಲಿ ಸಿಗುವುದು ಬಹುಮಟ್ಟಿಗೆ ಬೂದಿ ಬೆರೆತದ್ದೇ. ಕಾಲವಂತೂ ಚೈತ್ರದ ಬಿಸಿಲು. ಆದ್ದರಿಂದ ಹದಿನಾಲ್ಕು ದಿನವೆಂದು ಹಿಡಿಯುವುದು ಲೇಸು. ಅಥಣಿಯ ಪೂರ್ವಭಾಗದ ಒಣ ಊರುಗಳಲ್ಲಿ ಕುಡಿಯುವ ನೀರಿಗೇ ಟ್ಯಾಂಕರು ಕಾಯುವ ತಿಂಗಳುಗಳಲ್ಲಿ ಇದು ಕಷ್ಟದ ಮಾತು. ಅಲ್ಲಿಯವರು ಸ್ಲ್ಯಾಬಿನ ಕೆಲಸವನ್ನು ಬೇಸಿಗೆಗೆ ಇಟ್ಟುಕೊಳ್ಳದೆ ದೀಪಾವಳಿಯಿಂದ ಸಂಕ್ರಾಂತಿಯವರೆಗಿನ ಅವಧಿಯಲ್ಲಿ ಮುಗಿಸಿಕೊಳ್ಳುವುದು ಒಳ್ಳೆಯದು. ಆಗ ಬಾವಿಯಲ್ಲಿ ನೀರೂ ಇರುತ್ತದೆ, ಬಿಸಿಲೂ ಹದವಾಗಿರುತ್ತದೆ. ನೀರು ಕಡಿಮೆಯಾದರೆ ಹಳೆಯ ಗೋಣಿತಟ್ಟು ಹೊದಿಸಿ ತೋಯಿಸಿಡಬಹುದು, ಕಂಬಗಳಿಗಂತೂ ಅದೇ ಸರಿ.

ಈ ಮನೆಯವರಿಗೆ ನೀರಿನ ಕೊರತೆಯಿರಲಿಲ್ಲ, ಹೊತ್ತಿನ ಕೊರತೆ ಇತ್ತು. ಬಸವ ಜಯಂತಿಯಂದು ಗೃಹಪ್ರವೇಶ ಮಾಡಬೇಕೆಂಬುದು ಎಲ್ಲರ ಆಸೆ. ಕಿರಿಯ ಮಗನ ಮದುವೆಯೂ ಅದರ ಬೆನ್ನಿಗೇ. ಸೆಂಟ್ರಿಂಗಿನ ಗುತ್ತಿಗೆದಾರರು ಐದನೆಯ ದಿನವೇ ಬಂದು, ಹಲಗೆ-ಊರೆಗಳು ಬೇರೆ ಕೆಲಸಕ್ಕೆ ಬೇಕಾಗಿವೆ, ಬಿಚ್ಚುತ್ತೇವೆ ಎಂದರು. ಸಾಮಾನ್ಯ ಸಿಮೆಂಟಿಗೆ ಸ್ಲ್ಯಾಬಿನ ಹರವು ನಾಲ್ಕೂವರೆ ಮೀಟರಿನ ಒಳಗಿದ್ದರೆ 7 ದಿನ, ಮೀರಿದರೆ 14 ದಿನ ಊರೆ ಇರಬೇಕು. ತೊಲೆಗಳಿಗೆ ಆರು ಮೀಟರಿನವರೆಗೆ 14, ಅದಕ್ಕೂ ಹೆಚ್ಚಿಗೆ 21 ದಿನ. ಬೇರೆ ಸಿಮೆಂಟಿಗೆ ಇನ್ನೂ ತಾಳಬೇಕಾದೀತು. ಹಿರಿಯ ಮಗನಿಗೆ ಬಿಚ್ಚಿಸಿಬಿಡುವ ಮನಸ್ಸು. ಊರೆ ತೆಗೆದರೆ ಕೆಳಗೆ ಗಿಲಾವು ಹಿಡಿಯಬಹುದು, ಮುಹೂರ್ತ ಸಿಗುತ್ತದೆ. ಗುರುಗಳು ಒಪ್ಪಲಿಲ್ಲ. ಬಾಡಿಗೆ ಹೆಚ್ಚಾದರೆ ಕೊಡೋಣ, ದಿನ ತಪ್ಪಿದರೆ ಇನ್ನೊಂದು ದಿನ ಬರುತ್ತದೆ ಎಂದರು. ತಂದೆ-ಮಕ್ಕಳ ನಡುವೆ ಎರಡು ದಿನ ಮಾತಿರಲಿಲ್ಲ. ಕಬ್ಬಿನ ಹದಿನಾಲ್ಕು ದಿನ ಮುಂದೆ ಹೋಗಬಹುದು, ಸಿಮೆಂಟಿನ ಹದಿನಾಲ್ಕು ದಿನ ಹಿಂದೆ ಬರುವುದಿಲ್ಲವೆಂದು ನಾವು ಹೇಳಿದ ಮಾತಿಗೆ ಹಿರಿಯ ಮಗನು ಕಡೆಗೆ ನಕ್ಕನು. ಗೃಹಪ್ರವೇಶವನ್ನು ಶ್ರಾವಣಕ್ಕೆ ಇಟ್ಟುಕೊಂಡಿದ್ದಾರೆ. ಮದುವೆ ಹಳೆಯ ಪತ್ರಾಸಿನ ಮನೆಯ ಮುಂದೆ, ಹಂದರದಲ್ಲಿಯೇ ಆಗಲಿದೆ. ಹೆಣ್ಣಿನ ಕಡೆಯವರು ಇದನ್ನು ಕೊರತೆಯೆಂದು ಎಣಿಸದಿದ್ದುದು ಮೆಚ್ಚತಕ್ಕ ಸಂಗತಿ.

ಮೇಲಂತಸ್ತಿನಲ್ಲಿ ಏನಿರಬೇಕೆಂಬ ಚರ್ಚೆ ಇದಕ್ಕಿಂತ ಸೂಕ್ಷ್ಮವಾದುದು. ಕಾಳು, ಕಾಗದಪತ್ರ, ವಿದ್ಯುತ್ತಿನ ಮೀಟರು, ಅಡಿಗೆ, ಮಲಗುವ ಕೋಣೆಗಳು ಎಲ್ಲವೂ ಮೇಲಕ್ಕೆ. ಕೆಳಗೆ ಬರೀ ಒಂದು ಪಡಸಾಲೆ ಮತ್ತು ಕೊಟ್ಟಿಗೆ ಎಂದು ನಕ್ಷೆ ಆಗಿತ್ತು. ಪೂಜೆಯ ಕೋಣೆಯೂ ಮೇಲೆಯೇ ಎಂದಾಗ ಗುರುಗಳ ತಾಯಿ ಸುಮ್ಮನಾದರು. ಎಂಬತ್ತು ದಾಟಿದವರು, ಮೊಣಕಾಲು ನೋವು. ಮಗನು ಒತ್ತಾಯಿಸಿ ಕೇಳಿದಾಗ, "ಮ್ಯಾಲ ಕಟ್ರಿ ಯಪ್ಪಾ, ನಾ ಬ್ಯಾಡ ಅನ್ನೂದಿಲ್ಲ. ಆದರ ದಿನಾ ಹದಿನೆಂಟು ಪಾವಟಿಗಿ ಏರಿ ಪೂಜಾ ಮಾಡಾಕ ನನಗ ಕಾಲಿಲ್ಲ" ಎಂದರು. ಪುಣೆಯ ಮಗನು, "ಆಯೀ, ನೀರು ಬಂದರ ದೇವರ ಕೋಲಿ ಮುಳುಗತೈತಿ" ಎಂದು ತಿಳಿಹೇಳಿದನು. ಅಜ್ಜಿ ಕೊರಳಿನ ಕರಡಿಗೆಯನ್ನು ಮುಟ್ಟಿ, "ಇದು ಮುಳುಗೂದಿಲ್ಲ ತಮ್ಮಾ. ನಾ ಎಲ್ಲಿ ಕುಂದರ್ತೀನಿ, ಅಲ್ಲೇ ನನ್ನ ದೇವರ ಕೋಲಿ. ನೀರು ಬಂದ ದಿನ ನನ್ನ ಹೊತ್ಕೊಂಡು ಮ್ಯಾಲ ಹೋಗ್ರಿ, ಉಳಿದ ದಿನ ಕೆಳಗ ಬಿಡ್ರಿ" ಎಂದರು. ಆ ಬಳಿಕ ಕೆಳಗಿನ ಪಡಸಾಲೆಯ ಒಂದು ಬದಿಗೆ ಅಜ್ಜಿಗಾಗಿ ಕೋಣೆ, ಅದಕ್ಕೆ ಹೊಂದಿ ಬಚ್ಚಲು, ಎರಡೂವರೆ ಅಡಿ ಎತ್ತರದ ಕಟ್ಟೆ ಎಂದು ನಕ್ಷೆಯನ್ನು ತಿದ್ದಿದರು. ಮೆಟ್ಟಿಲಿನ ಎತ್ತರವನ್ನು ಏಳು ಅಂಗುಲದಿಂದ ಆರಕ್ಕೆ ಇಳಿಸಿ, ನಡುವೆ ಕುಳಿತುಕೊಳ್ಳುವಷ್ಟು ಅಗಲದ ತಂಗುಕಟ್ಟೆ ಇಟ್ಟರು. ಮೇಲಂತಸ್ತು ಕಟ್ಟುವ ನಮ್ಮ ಬಾಂಧವರಲ್ಲಿ ಎಷ್ಟು ಜನ ಮನೆಯ ಮುದುಕರನ್ನು ಹೀಗೆ ಕೂಡಿಸಿಕೊಂಡು ಕೇಳುತ್ತಾರೆ?

ನಿಪ್ಪಾಣಿ, ಅಥಣಿ, ಚಿಕ್ಕೋಡಿ ಪಟ್ಟಣಗಳ ಹಳೆಯ ಓಣಿಗಳವರಿಗೆ ಬೇರೆ ಮಾತು ಹೇಳಬೇಕಾಗಿದೆ. ಅಲ್ಲಿ ಜಾಗವಿಲ್ಲ. ಅಣ್ಣತಮ್ಮಂದಿರು ಪಾಲಾದಾಗ ಒಬ್ಬನು ಕೆಳಗೆ, ಇನ್ನೊಬ್ಬನು ಮೇಲೆ ಎಂದು ತೀರ್ಮಾನಿಸಿ, ಅಜ್ಜನ ಕಾಲದ ಗೋಡೆಯ ಮೇಲೆಯೇ ಸ್ಲ್ಯಾಬು ಹಾಕಿ ಕೋಣೆ ಎಬ್ಬಿಸುತ್ತಾರೆ. ಸುಣ್ಣದ ಗಚ್ಚಿನಲ್ಲಿ ಕಟ್ಟಿದ ಗೋಡೆಗಳು ಗಟ್ಟಿಯೇ. ಮುರುಘೇಂದ್ರ ಶಿವಯೋಗಿಗಳು ಬಾಳಿದ ಅಥಣಿಯ ಮಠವನ್ನು ಗಚ್ಚಿನಮಠವೆಂದೇ ಜನ ಕರೆಯುತ್ತಾರಲ್ಲವೇ! ಆದರೆ ನಮ್ಮ ಸಾಮಾನ್ಯ ಮನೆಗಳ ಗೋಡೆಗಳಲ್ಲಿ ಹೊರಗೆ ಮಾತ್ರ ಗಚ್ಚು, ಒಳಗೆ ಮಣ್ಣು-ಕಲ್ಲಿನ ತುಂಬುವಿಕೆ. ಹೊರಮೈ ಮತ್ತು ಒಳಮೈಗಳನ್ನು ಹಿಡಿದಿಡುವ ಅಡ್ಡಗಲ್ಲುಗಳು ಇಲ್ಲದಿದ್ದರೆ ಮೇಲಿನ ಭಾರಕ್ಕೆ ಗೋಡೆ ಹೊಟ್ಟೆ ಬಿಡುತ್ತದೆ. ಅಂತಹ ಗೋಡೆಯ ಮೇಲೆ ಸಿಮೆಂಟಿನ ಅಂತಸ್ತು ಏರಿಸುವುದು ಕಿಲ್ಲಾರಿಯನ್ನು ನಾವೇ ಕರೆದಂತೆ. ಕಟ್ಟಲೇಬೇಕಾದರೆ ಹಳೆಯ ಗೋಡೆಗೆ ಭಾರ ಬೀಳದಂತೆ ಪಾಯದಿಂದ ಹೊಸ ಕಂಬಗಳನ್ನು ಎಬ್ಬಿಸಿ, ಅವುಗಳ ಮೇಲೆ ಮೇಲಂತಸ್ತನ್ನು ನಿಲ್ಲಿಸಬೇಕು. ನೆರೆಮನೆಯ ಗೋಡೆ ಜಂಟಿಯಾಗಿದ್ದರೆ ಕೆಲಸಕ್ಕೆ ಮುಂಚೆ ಅವರನ್ನು ಕರೆದು ತೋರಿಸಿ ಒಪ್ಪಿಗೆಯ ಕಾಗದ ಮಾಡಿಕೊಳ್ಳಬೇಕು. ಅಣ್ಣತಮ್ಮಂದಿರ ನಡುವೆಯೂ ಮೇಲಿನ ಛಾವಣಿ ಯಾರದು, ಮೆಟ್ಟಿಲು ಯಾರದು, ಸೋರಿದರೆ ಯಾರು ದುರಸ್ತಿ ಮಾಡಿಸಬೇಕು ಎಂಬುದನ್ನು ಬರೆದಿಡಬೇಕು. ಬಾಯಿಮಾತಿನ ಪಾಲು ಅಪ್ಪನಿರುವವರೆಗೆ ಮಾತ್ರ ನಡೆಯುತ್ತದೆ.

ಮುಂದೆ ಎಂದಾದರೂ ಮೇಲೆ ಕಟ್ಟೋಣವೆಂದು ಛಾವಣಿಯ ಮೇಲೆ ಸರಳುಗಳನ್ನು ಬಿಡುವವರು ಒಂದು ಮಾತನ್ನು ಗಮನಿಸಬೇಕು. ನಮ್ಮ ಪಟ್ಟಣಗಳನ್ನು ಎತ್ತರದಿಂದ ನೋಡಿದರೆ ಮನೆಗಳ ತಲೆಯ ಮೇಲೆ ಹತ್ತಿಕಟ್ಟಿಗೆ ನೆಟ್ಟಂತೆ ತುಕ್ಕು ಹಿಡಿದ ಸರಳುಗಳು ಕಾಣುತ್ತವೆ. ಹತ್ತು ವರ್ಷ ಮಳೆಗೆ ನೆನೆದ ಸರಳಿಗೆ ಹೊಸ ಕಂಬವನ್ನು ಕಟ್ಟಿದರೆ ಆ ಗಂಟು ನಿಲ್ಲುವುದಿಲ್ಲ. ತುಕ್ಕು ಆ ಸರಳಿನ ಗುಂಟ ಕೆಳಗಿನ ಕಂಬದೊಳಕ್ಕೂ ಇಳಿಯುತ್ತದೆ. ಸರಳುಗಳಿಗೆ ಸಿಮೆಂಟಿನ ತಿಳಿ ಬಳಿದು, ಸುತ್ತಲೂ ಹಗುರವಾದ ಬಡಕಲು ಕಾಂಕ್ರೀಟಿನ ಗುಬುಟು ಮಾಡಿ ಮುಚ್ಚಿಡಬೇಕು. ಬೇಕಾದಾಗ ಅದನ್ನು ಉಳಿಯಿಂದ ಒಡೆದು ತೆಗೆಯಬಹುದು. ಪಾಯವು ಎರಡಂತಸ್ತಿಗೆಂದು ಹಾಕಿದ್ದಾಗಿದ್ದರೆ ಮಾತ್ರ ಸರಳು ಬಿಡಬೇಕು. ಒಂದೇ ಅಂತಸ್ತಿನ ಪಾಯದ ಮೇಲೆ ಬಿಟ್ಟ ಸರಳು ಮಕ್ಕಳನ್ನು ದಾರಿತಪ್ಪಿಸುತ್ತದೆ. ಅಪ್ಪ ಸರಳು ಬಿಟ್ಟಿದ್ದಾನೆ, ಪಾಯ ತಡೆಯುತ್ತದೆಂದು ಅವರು ತಿಳಿಯುತ್ತಾರೆ. ಆದುದರಿಂದ ಪಾಯದ ನಕ್ಷೆ, ಸರಳುಗಳ ಲೆಕ್ಕ, ಇಂಜಿನಿಯರರ ಸಹಿಯುಳ್ಳ ಕಾಗದಗಳನ್ನು ಹೊಲದ ಉತಾರದೊಡನೆ ಒಂದೇ ಕಡತದಲ್ಲಿ ಇಡಬೇಕು.

ನಾವು ಇದನ್ನು ಬರೆಯುವ ಹೊತ್ತಿಗೆ ಆ ಮನೆಯ ಮೊದಲ ಸ್ಲ್ಯಾಬಿನ ಊರೆಗಳನ್ನು ಬಿಚ್ಚಿ, ಮೇಲಂತಸ್ತಿನ ಕಂಬಗಳ ಸರಳು ಕಟ್ಟುತ್ತಿದ್ದಾರೆ. ಎರಡನೆಯ ಸ್ಲ್ಯಾಬು ಹಾಕುವ ದಿನ ಕೆಳಗೆ ಮತ್ತೆ ಊರೆ ಕೊಡಬೇಕೆಂದು ಇಂಜಿನಿಯರರು ಹೇಳಿದ್ದಾರೆ. ಹಸಿ ಸ್ಲ್ಯಾಬಿನ ಭಾರವೆಲ್ಲ ಮೊದಲ ಸ್ಲ್ಯಾಬಿನ ಮೇಲೆ ಬೀಳುವುದರಿಂದ ಅದು ಅವಶ್ಯ. ಗುತ್ತಿಗೆದಾರರು ಗೊಣಗುತ್ತಲೇ ಒಪ್ಪಿದ್ದಾರೆ. ಗಿಲಾವು, ನೆಲಹಾಸು ಮತ್ತು ನೀರಿನ ಕೊಳವೆಗಳ ವಿಚಾರ ಮುಂದಿನ ಸಂಚಿಕೆಯಲ್ಲಿ.